ಅಂಟಿದರೆ ಹೀಗೆ ಅಂಟಬೇಕು!

ಗೋಡೆಯ ಪೋಸ್ಟರಿನಿಂದ ನಾಯಕನ ಮೀಸೆಯವರೆಗೆ, ಮೀಸೆಯಿಂದ ರೀಲಿನವರೆಗೆ... ಸಿನಿಮಾ ನಿಂತದ್ದೇ ಅಂಟಿನ ಮೇಲೆ! ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ರೂಟಿನಲ್ಲಿ ಒಂದು ಸುತ್ತು.

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್. ಬೆಳಗ್ಗೆ ಆರೂವರೆ. ಗೋಡೆಯ ಮೇಲೆ ರಾತ್ರಿ ತಾನೇ ಹಚ್ಚಿದ ಹೊಸ ಚಿತ್ರದ ಪೋಸ್ಟರು. ಮಚ್ಚು ಹಿಡಿದು ನಿಂತ ಹೀರೋ, ಕಣ್ಣಲ್ಲಿ ಕೆಂಡ! ಎದುರಿಗೆ ಯಾರು? ಖಳನಾಯಕನೂ ಅಲ್ಲ, ಹತ್ತು ಜನ ರೌಡಿಗಳೂ ಅಲ್ಲ. ಒಂದು ಬಡಕಲು ಹಸು. ಬಂತು, ಮೂಸಿತು, ನಾಲಿಗೆ ಚಾಚಿ ಹೀರೋನ ಗಲ್ಲ ನೆಕ್ಕಿತು. ಆಮೇಲೆ ಮೂಲೆ ಕಚ್ಚಿ ಚರ್ರನೆ ಎಳೆಯಿತು. ಎರಡೇ ನಿಮಿಷ... ಹೀರೋಗೆ ಸೊಂಟದ ಮೇಲೆ ಏನೂ ಇಲ್ಲ!

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಅಭಿಮಾನಿಯೊಬ್ಬ ಲೋಟ ಬಿಟ್ಟು ಎದ್ದ. ‘ಹೇಯ್! ಬಾಸ್ ಮಕನೇ ತಿಂತಾ ಐತಲ್ಲಪ್ಪೋ!’

ಹಸುವಿಗೆ ಬೇಕಾಗಿದ್ದದ್ದು ಹೀರೋ ಅಲ್ಲ ಸ್ವಾಮಿ, ಹೀರೋನ ಬೆನ್ನಿಗೆ ಬಳಿದಿದ್ದ ಮೈದಾ ಅಂಟು!

ಚಿತ್ರರಸಿಕ ಮಿತ್ರರೇ, ನಾವು ಹೀರೋ ಬಗ್ಗೆ ಬರೆದಿದ್ದೇವೆ, ಹೀರೋಯಿನ್ ಬಗ್ಗೆ ಬರೆದಿದ್ದೇವೆ, ಹೀರೋಯಿನ್ನಿನ ನಾಯಿಮರಿಯ ಬಗ್ಗೆಯೂ ಬರೆದಿದ್ದೇವೆ. ಅಂಟಿನ ಬಗ್ಗೆ ಒಂದು ಸಾಲು ಬರೆದವರುಂಟೇ? ಪೋಸ್ಟರು ಗೋಡೆಗೆ ನಿಲ್ಲುವುದು ಅಂಟಿನಿಂದ. ಮೀಸೆ ಮೂಗಿನ ಕೆಳಗೆ ನಿಲ್ಲುವುದು ಅಂಟಿನಿಂದ. ರೀಲಿಗೆ ರೀಲು ಸೇರಿ ಕಥೆ ಮುಂದೆ ಹೋಗುತ್ತಿದ್ದದ್ದೂ ಅಂಟಿನಿಂದಲೇ. ಹಾಗಂದುಕೊಂಡು ಹೆಗಲಿಗೆ ಚೀಲ ಹಾಕಿ ಬಸ್ಸು ಹತ್ತಿದೆ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಈ ಕಥೆಯಲ್ಲಿ ನನ್ನದೊಂದು ಹಳೇ ತಪ್ಪೂ ಅಂಟಿಕೊಂಡಿದೆ. ಅದು ಕ್ಲೈಮ್ಯಾಕ್ಸಿನಲ್ಲಿ. ಇಂಟರ್‌ವಲ್ಲಿಗೆ ಎದ್ದು ಹೋಗಬೇಡಿ!

ಮೈದಾ ಮಹಾತ್ಮೆ

ಪೋಸ್ಟರ್ ಹಚ್ಚುವವರ ಅಡುಗೆ ಬಲು ಸುಲಭ. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಒಲೆಯ ಮೇಲೆ ಕುದಿಯುವ ನೀರಿಗೆ ಅದನ್ನು ಸುರಿದು ಕೈಬಿಡದೆ ತಿರುವಬೇಕು. ಬೆಳ್ಳಗಿದ್ದದ್ದು ಕ್ರಮೇಣ ಮಂಜುಮಂಜಾಗಿ ಹೊಳೆಯತೊಡಗಿದರೆ ಅಂಟು ಬಂತೆಂದು ಅರ್ಥ. ಬಿಸಿನೀರಿನಲ್ಲಿ ಹಿಟ್ಟಿನ ಕಣಗಳು ಉಬ್ಬಿ ಒಡೆದು ಒಳಗಿನ ಪಿಷ್ಟ ಬಿಟ್ಟುಕೊಡುತ್ತವೆ. ಆ ಪಿಷ್ಟ ಕಾಗದದ ನಾರಿನ ಸಂದಿಗೆ ಇಳಿದು, ನೀರು ಆರಿದ ಮೇಲೆ ಕಚ್ಚಿಕೊಳ್ಳುತ್ತದೆ. ಇಷ್ಟೇ ಗುಟ್ಟು.

ಹಸು, ಇಲಿ, ಜಿರಳೆಗಳ ಕಾಟಕ್ಕೆ ಹಳಬರು ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ನೀಲಿ ಹರಳು, ವಿಷ. ಪುಸ್ತಕ ಬೈಂಡ್ ಮಾಡುವವರೂ ಅದನ್ನೇ ಹಾಕುತ್ತಿದ್ದರು. ಈಗಲೂ ಕೆಲವರು ಹಾಕ್ತಾರೆ, ಕೆಲವರು ಹಸುವಿನ ಮೇಲಿನ ಕರುಣೆಯಿಂದ ಬಿಡ್ತಾರೆ. ಕರುಣೆಯ ಫಲ ಏನೆಂದು ಮೇಲೆ ಓದಿದಿರಲ್ಲ!

ನಾನೂ ಒಂದು ಬೇಸಿಗೆ ರಜೆಯಲ್ಲಿ ಅಂಟಿನ ಬಕೆಟ್ ಹೊತ್ತವನೇ. ಆಗ ನಾನು ಕಲಿತ ಮೊದಲ ಪಾಠ: ಅಂಟು ಬಳಿಯುವುದು ದೊಡ್ಡದಲ್ಲ, ಗೋಡೆ ಉಜ್ಜುವುದು ದೊಡ್ಡದು. ಧೂಳಿನ ಗೋಡೆಗೆ ಹಚ್ಚಿದರೆ ಅಂಟು ಹಿಡಿಯುವುದು ಧೂಳನ್ನು, ಗೋಡೆಯನ್ನಲ್ಲ. ಬೆಳಗಾಗುವಷ್ಟರಲ್ಲಿ ಧೂಳಿನ ಸಮೇತ ಹೀರೋ ನೆಲಕ್ಕೆ! ಇನ್ನೊಂದು ಪಾಠ ಊರಿನ ಹಿರಿಯರಿಂದ ಬಂತು. ಕಂಡ ಕಂಡ ಗೋಡೆಗೆ ಹಚ್ಚುವ ಹಾಗಿಲ್ಲ, ಅದಕ್ಕೆಂದೇ 1981ರ ವಿರೂಪ ತಡೆ ಕಾಯ್ದೆ ಇದೆ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನೂ ನಿಷೇಧಿಸಿತು. ಆದರೂ ಕಟೌಟಿಗೆ ಹಾಲೆರೆಯುವ ನಮ್ಮ ಹುಡುಗರಿಗೆ, ಕಾಗದದ ಪೋಸ್ಟರಿನಲ್ಲಿ ಹೀರೋ ಮುಖದ ಮೇಲಿನ ಸುಕ್ಕನ್ನು ಅಂಗೈಯಲ್ಲಿ ಸವರುವ ಸುಖ ಫ್ಲೆಕ್ಸಿನಲ್ಲಿ ಎಲ್ಲಿ ಸಿಗಬೇಕು?

ಕೋಟೆ ಹಿಡಿದ ಗಾರೆ

ಬಸ್‌ಸ್ಟ್ಯಾಂಡಿನಿಂದ ನಡೆದರೆ ಕೋಟೆ. 1799ರಲ್ಲಿ ಇಂಗ್ಲಿಷರ ಫಿರಂಗಿಗಳು ಇದರ ವಾಯವ್ಯ ಮೂಲೆಯನ್ನು ಒಡೆದವು, ಮೇ 4ರಂದು ಟಿಪ್ಪು ಸುಲ್ತಾನ ಬಿದ್ದ. ಒಡೆದ ಜಾಗ ಈಗಲೂ ಇದೆ. ಆದರೆ ಒಡೆಯದೆ ಉಳಿದ ಗೋಡೆಗಳನ್ನು ನೋಡಿ. ಕರ್ನಲ್ ಬೈಲಿಯ ಬಂದೀಖಾನೆಗೆ ಇಳಿಯಿರಿ. ಇಟ್ಟಿಗೆ, ಸುಣ್ಣದ ಗಾರೆ, ಅಷ್ಟೇ! ಇನ್ನೂರು ವರ್ಷ ಮೀರಿದರೂ ಕಮಾನು ಕದಲಿಲ್ಲ.

‘ಕೋಳಿಮೊಟ್ಟೆ ಹಾಕಿ ಕಟ್ಟವ್ರೆ ಕಣಣ್ಣ’ ಎಂದು ಟಾಂಗಾದವನು ಕತೆ ಹೇಳ್ತಾನೆ. ಮೊಟ್ಟೆಯ ಕತೆ ಅವನಿಗೇ ಇರಲಿ. ದಕ್ಷಿಣದ ಹಳೇ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುತ್ತಿದ್ದದ್ದು ಮಾತ್ರ ನಿಜ. ಬೆಲ್ಲ ಬಿದ್ದರೆ ಗಾರೆ ಬೇಗ ಬಿಗಿಯುವುದಿಲ್ಲ, ಮೆದುವಾಗಿದ್ದು ಕಲ್ಲಿನ ಸಂದಿಗೆಲ್ಲ ಹರಿಯುತ್ತದೆ. ಆಮೇಲೆ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ಹೀರಿ ಮತ್ತೆ ಕಲ್ಲೇ ಆಗುತ್ತದೆ. ನಿಧಾನ... ಆದರೆ ಹಿಡಿದರೆ ಬಿಡುವ ಮಾತಿಲ್ಲ!

ಕೆಲವು ಮೈಲಿಯಾಚೆ ಕನ್ನಂಬಾಡಿ. ನಮ್ಮ ಎಷ್ಟು ಚಿತ್ರಗಳ ನಾಯಕ-ನಾಯಕಿಯರು ಬೃಂದಾವನದ ಕಾರಂಜಿಗಳ ನಡುವೆ ಡ್ಯುಯೆಟ್ ಹಾಡಿಲ್ಲ! ಅವರ ಬೆನ್ನ ಹಿಂದೆ ನಿಂತ ಆ 8,600 ಅಡಿ ಉದ್ದದ ಕಟ್ಟೆಯನ್ನು ಯಾರು ನೋಡಿದರು? 1911ರಲ್ಲಿ ಕೆಲಸ ಶುರುವಾದಾಗ ಸಿಮೆಂಟು ಸಮುದ್ರದಾಚೆಯಿಂದ ಬರಬೇಕಿತ್ತು, ಬೆಲೆಯೂ ದುಬಾರಿ. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲೇ ಕಲ್ಲಿಗೆ ಕಲ್ಲು ಅಂಟಿಸಿದರು. ಇಟ್ಟಿಗೆ ಪುಡಿ ಸೇರಿದ ಸುಣ್ಣ ನೀರೊಳಗೂ ಗಟ್ಟಿಯಾಗುತ್ತದೆ. 124.80 ಅಡಿ ತುಂಬಿದ ಕಾವೇರಿಯನ್ನು ಇವತ್ತಿಗೂ ಹಿಡಿದು ನಿಂತಿರುವುದು ಅದೇ ಗಾರೆ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಒಂದು ನಮಸ್ಕಾರ ಹಾಕಿ ಮುಂದಕ್ಕೆ ಹೋಗೋಣ.

ಮೀಸೆ ಬಿತ್ತೋ ಮಾನ ಬಿತ್ತು!

ಪಾಂಡವಪುರ. ಬ್ರಿಟಿಷರ ಕಾಲದಲ್ಲಿ ಇದರ ಹೆಸರು ಫ್ರೆಂಚ್ ರಾಕ್ಸ್! ಹೈದರ್-ಟಿಪ್ಪು ಕಡೆ ಇದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಗುಡ್ಡದ ನೆನಪು. ಈಗ ಸುತ್ತ ಕಬ್ಬು. ಆಲೆಮನೆಯ ಮುಂದೆ ನಿಂತರೆ ಅಂಟಿನ ಇನ್ನೊಂದು ಪಾಠ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿದ್ದರೆ ಹದ ನೋಡುವವನು ಒಂದಿಷ್ಟು ಪಾಕ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಹದಕ್ಕೆ ಮುಂಚೆ ಇಳಿಸಿದರೆ ಬೆಲ್ಲ ಜಿನುಗುತ್ತದೆ, ಹದ ಮೀರಿದರೆ ಸುಡುತ್ತದೆ. ‘ಹದ’ ಅನ್ನುವ ಎರಡಕ್ಷರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ತಾಲ್ಲೂಕಿನ ಮೇಲುಕೋಟೆ ಸಿನಿಮಾದವರ ತವರುಮನೆ. ರಾಯಗೋಪುರದ ಕಂಬಗಳ ನಡುವೆ ಎಷ್ಟು ಕತ್ತಿಗಳು ಝಳಪಿಸಿಲ್ಲ, ಎಷ್ಟು ರಾಜರು ಕುದುರೆಯಿಂದ ಇಳಿದಿಲ್ಲ! ಬಿಸಿಲು ಏರುತ್ತಿದ್ದಂತೆ ಮೇಕಪ್‌ನವರ ಎದೆ ಡವಡವ. ಯಾಕೆ? ಮೀಸೆ!

ಕಟ್ಟು ಮೀಸೆಯೆಂದರೆ ಕೂದಲನ್ನು ಒಂದೊಂದಾಗಿ ತೆಳು ಬಲೆಬಟ್ಟೆಗೆ ಗಂಟು ಹಾಕಿ ಮಾಡಿದ್ದು. ಅದನ್ನು ತುಟಿಯ ಮೇಲೆ ಕೂರಿಸುವ ಅಂಟಿಗೆ ಸ್ಪಿರಿಟ್ ಗಮ್ ಎಂದು ಹೆಸರು. ಮರದ ರಾಳವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಹಚ್ಚಿ, ಬೆರಳಲ್ಲಿ ತಟ್ಟಿ ತಟ್ಟಿ ಜಿಗುಟು ಬರುವ ತನಕ ಕಾಯಬೇಕು. ಸ್ಪಿರಿಟ್ ಹಾರಿಹೋಗುತ್ತದೆ, ರಾಳ ಉಳಿಯುತ್ತದೆ. ಆಮೇಲೆ ಮೀಸೆ ಇಟ್ಟು ಒದ್ದೆ ಬಟ್ಟೆಯಲ್ಲಿ ಒತ್ತಬೇಕು. ಚರ್ಮಕ್ಕೆ ಎಣ್ಣೆಯ ಪಸೆ ಇತ್ತೋ, ಬೆವರು ಬಂತೋ... ರಣರಂಗದ ಮಧ್ಯೆ ರಾಜನ ಎಡಮೀಸೆ ಗಾಳಿಪಟ!

ಶ್ರೀರಂಗಪಟ್ಟಣದಿಂದ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜರನ್ನು 1960ರಲ್ಲಿ ಬೆಳ್ಳಿತೆರೆಗೆ ತಂದವರು ನಮ್ಮ ವರನಟ ಡಾ. ರಾಜ್, ‘ರಣಧೀರ ಕಂಠೀರವ’ ಚಿತ್ರದಲ್ಲಿ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ರಾಜ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮುಂತಾದವರು ಕಲಾವಿದರ ಸಂಘ ಕಟ್ಟಿ ತೆಗೆದ ಚಿತ್ರ ಅದು. ನಾಟಕ ಕಂಪನಿಗಳಲ್ಲಿ ರಾತ್ರಿಯಿಡೀ ಮೀಸೆ-ಗಡ್ಡ ಅಂಟಿಸಿಕೊಂಡು ಪಳಗಿದವರು ಅವರು. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿ ಮೀಸೆ ಬಿಡಿಸುವಾಗ ಚರ್ಮ ಉರಿಯುವ ಉರಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಗತ್ತು ಮಾತ್ರ!

ಗೋಂದು, ಮೇಣ, ಸರಿ, ಅರಗು, ವಜ್ರ

ಚಿನಕುರಳಿ ದಾಟಿ ಕೆ.ಆರ್.ಪೇಟೆ ಕಡೆಗೆ ಬಸ್ಸು ಏದುಸಿರು ಬಿಡುತ್ತಾ ಹೊರಟಿತು. ಕಿಟಕಿಯಾಚೆ ಜಾಲಿ, ಬೇಲ, ಹುಣಸೆ, ಆಲ, ಅಲ್ಲೊಂದು ಇಲ್ಲೊಂದು ಹಲಸು. ಗಮನಿಸಿ ನೋಡಿದರೆ ಇದು ಮರಗಳ ಸಾಲಲ್ಲ, ಅಂಟಿನ ಅಂಗಡಿ ಸಾಲು!

ಕನ್ನಡದಲ್ಲಿ ಅಂಟಿಗೆ ಎಷ್ಟು ಹೆಸರು ಸ್ವಾಮಿ! ಜಾಲಿ, ಬೇಲದ ತೊಗಟೆಯಿಂದ ಒಸರಿ ಹರಳುಗಟ್ಟಿದರೆ ಗೋಂದು. ಹಲಸಿನಿಂದ ಬಂದರೆ ಮೇಣ. ಹಿಟ್ಟು ಕಾಯಿಸಿದರೆ ಸರಿ. ಕೊಂಬೆಯ ಮೇಲೆ ಹುಳು ಕಟ್ಟಿದರೆ ಅರಗು. ಚರ್ಮ-ಮೂಳೆ ಬೇಯಿಸಿ ಬಡಗಿ ಬಳಸುತ್ತಿದ್ದದ್ದಕ್ಕೆ ಮರವಜ್ರ. ಒಂದೊಂದಕ್ಕೂ ಒಂದೊಂದು ಕೆಲಸ, ಪಾತ್ರಕ್ಕೆ ತಕ್ಕ ನಟನ ಹಾಗೆ. ಶಾಲೆಯಲ್ಲಿ ಬಿಲ್ವದ ಕಾಯಿ ಒಡೆದು, ಬೀಜದ ಸುತ್ತಲ ಲೋಳೆಯಲ್ಲಿ ಪುಸ್ತಕಕ್ಕೆ ರಟ್ಟು ಅಂಟಿಸಿದ್ದು ನೆನಪಿದೆಯೇ? ಹಲಸಿನ ಹಣ್ಣು ಬಿಡಿಸುವ ಮುಂಚೆ ಅಮ್ಮ ಕೈಗೆ ಎಣ್ಣೆ ಹಚ್ಚುತ್ತಿದ್ದದ್ದು? ಎಣ್ಣೆ ಇರುವ ಕಡೆ ಮೇಣ ಹಿಡಿಯುವುದಿಲ್ಲ. ರಾಜನ ಮೀಸೆ ಬಿದ್ದದ್ದೂ ಇದೇ ಕಾರಣಕ್ಕೆ!

ಹುಣಸೆ ಬೀಜ ಹುರಿದು ಬೀಸಿ ಕಾಯಿಸಿದ ಸರಿಯನ್ನು ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಬಳಿಯುತ್ತಾರೆ. ಮಗ್ಗದ ಮೇಲೆ ನೂಲು ಕಿತ್ತುಬರದಂತೆ ಅದು ಕಾಯುತ್ತದೆ. ಕೊಪ್ಪಳ ಕಡೆಯ ಕಿನ್ನಾಳದ ಗೊಂಬೆಗೂ ಅದೇ ಹುಣಸೆ ಬೀಜ. ಚನ್ನಪಟ್ಟಣದ ಗೊಂಬೆಗೆ ಅರಗು: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಶಾಖಕ್ಕೆ ಕರಗಿ ಬಣ್ಣದ ಸಮೇತ ಕೂತುಬಿಡುತ್ತದೆ.

6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ವಜ್ರಲೇಪ ಎಂಬ ಅಂಟಿನ ಪಾಕವಿಧಾನವನ್ನೇ ಕೊಟ್ಟಿದ್ದಾನೆ. ಬೇಲದ ಎಳೇ ಕಾಯಿ, ಬೂರುಗದ ಹೂ, ಬಜೆ ಮುಂತಾದವನ್ನು ನೀರಿನಲ್ಲಿ ಕುದಿಸಿ ಎಂಟನೇ ಒಂದು ಪಾಲಿಗೆ ಇಳಿಸಬೇಕಂತೆ. ಗುಗ್ಗುಳ, ಸರ್ಜರಸ, ಗೇರು, ಅಗಸೆ, ಬಿಲ್ವ ಅರೆದು ಸೇರಿಸಬೇಕಂತೆ. ದೇವಸ್ಥಾನಕ್ಕೆ, ವಿಗ್ರಹಕ್ಕೆ ಬಿಸಿಯಾಗಿ ಬಳಿದರೆ 1 ಕೋಟಿ ವರ್ಷ ಬಾಳಿಕೆ! ನಮ್ಮ ನಿರ್ಮಾಪಕರು ನೂರು ದಿನ ಅಂದರೇ ಪೋಸ್ಟರ್ ಹಾಕಿಸ್ತಾರೆ... ವರಾಹಮಿಹಿರನ ಪಬ್ಲಿಸಿಟಿ ನೋಡಿ!

ಅಂಟೇ ಇಲ್ಲದೆ ಅಂಟುವ ಕಲಾವಿದನೂ ಒಬ್ಬನಿದ್ದಾನೆ, ಟೆಂಟಿನ ಪರದೆಯ ಮೇಲೆ ನಾಯಕಿಯ ಮೂಗಿನಿಂದ ನಾಯಕನ ಹಣೆಗೆ ನಡೆದುಹೋಗುತ್ತಿದ್ದ ಹಲ್ಲಿ! ಅದರ ಪಾದದಲ್ಲಿ ಅಂಟು ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಾಂತರ ರೋಮ, ಅವುಗಳ ತುದಿಯಲ್ಲಿ ಮತ್ತೂ ಸಣ್ಣ ಕವಲು. ಗೋಡೆಗೆ ಅಷ್ಟು ಹತ್ತಿರವಾದರೆ ಅಣುವಿಗೂ ಅಣುವಿಗೂ ಇರುವ ಸೆಳೆತವೇ ಸಾಕು. ಹತ್ತಿರವಾಗುವುದೇ ಅಂಟುವುದು!

ಕೊಡಕ್ ಕಂಪನಿ ತಿರಸ್ಕರಿಸಿದ ಹೀರೋ

ಮರದಂಟಿನ ಕಾಲ ಮುಗಿಸಿದವರು ಯಾರು? ಬಡಗಿಯನ್ನು ಕೇಳಿದರೆ ಒಂದೇ ಹೆಸರು, ಫೆವಿಕಾಲ್. ಬಲವಂತರಾಯ್ ಪಾರೇಖ್ 1959ರಲ್ಲಿ ತಂದ ಬಿಳಿ ಅಂಟು. ಮರವಜ್ರವನ್ನು ಒಲೆಯ ಮೇಲೆ ಕಾಯಿಸಬೇಕು, ನಾತ ತಡೆಯಬೇಕು. ಇದಕ್ಕೆ ಅದ್ಯಾವುದೂ ಇಲ್ಲ, ನೀರು ಆರಿದರೆ ಕೆಲಸ ಮುಗಿಯಿತು. 2012ರಲ್ಲಿ ‘ದಬಂಗ್ 2’ ಹಿಂದಿ ಚಿತ್ರದ ಐಟಂ ಹಾಡಿಗೂ ಹತ್ತಿತು! ಎರಡು ಟ್ಯೂಬಿನ ಆರಲ್ಡೈಟ್ ಇನ್ನೊಂದು ಜಾತಿ. ಹೀರೋ ಒಂದು ಟ್ಯೂಬಿನಲ್ಲಿ, ಹೀರೋಯಿನ್ ಇನ್ನೊಂದರಲ್ಲಿ. ಬೇರೆಬೇರೆ ಇದ್ದರೆ ಬರೀ ಲೋಳೆ, ಸೇರಿದರೆ ಕಬ್ಬಿಣ.

ಆದರೆ ನಿಜವಾದ ಸಿನಿಮಾ ಕಥೆ ಬೇರೆ ಇದೆ. ಸ್ಥಳ ಅಮೆರಿಕ, ಕಂಪನಿ ಈಸ್ಟ್‌ಮನ್ ಕೊಡಕ್. ಹೌದು, ನಮ್ಮ ಹೀರೋಗಳನ್ನೆಲ್ಲ ಸೆರೆಹಿಡಿದ ಫಿಲಂ ತಯಾರಿಸಿದ ಅದೇ ಕೊಡಕ್! 1942ರಲ್ಲಿ, ಯುದ್ಧಕಾಲದಲ್ಲಿ, ಹ್ಯಾರಿ ಕೂವರ್ ಎಂಬ ವಿಜ್ಞಾನಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ. ಸಿಕ್ಕಿದ್ದು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವ ಒಂದು ಪೀಡೆ. ‘ಕೆಲಸಕ್ಕೆ ಬಾರದ್ದು’ ಎಂದು ಮೂಲೆಗೆ ಹಾಕಿದರು. 1951ರಲ್ಲಿ ಕೂವರನ ಕೈಕೆಳಗಿನ ಫ್ರೆಡ್ ಜಾಯ್ನರ್ ಅದನ್ನೇ ಇನ್ನೊಂದು ಪ್ರಯೋಗಕ್ಕೆ ತೆಗೆದಾಗ ದುಬಾರಿ ಉಪಕರಣದ ಎರಡು ಗಾಜು ಅಂಟಿಕೊಂಡು ಹಾಳಾದವು. ಈ ಸಲ ಕೂವರನಿಗೆ ಜ್ಞಾನೋದಯ! ಬೇಡದ ಗುಣವೇ ಬೇಕಾದ ಗುಣ. 1958ರಲ್ಲಿ ‘ಈಸ್ಟ್‌ಮನ್ 910’ ಮಾರುಕಟ್ಟೆಗೆ ಬಂತು. ಮುಂದಿನ ವರ್ಷ ಟಿ.ವಿ. ಕಾರ್ಯಕ್ರಮದಲ್ಲಿ ಒಂದು ಹನಿ ಅಂಟಿನ ಬಲದ ಮೇಲೆ ಕೂವರ್ ನೆಲದಿಂದ ಮೇಲಕ್ಕೆದ್ದು ತೂಗಾಡಿದ! ವಿಯಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತ ನಿಲ್ಲಿಸಲು ಅದನ್ನು ಸಿಂಪಡಿಸಿದರು. ಇವತ್ತು ನಮ್ಮ ಪೆಟ್ಟಿಗೆ ಅಂಗಡಿಯಲ್ಲಿ ತೂಗಾಡುವ ಫೆವಿಕ್ವಿಕ್ ಅದೇ ವಂಶದ್ದು. ಮೊದಲ ಆಟಕ್ಕೇ ಫ್ಲಾಪ್ ಎನಿಸಿಕೊಂಡು ಹದಿನಾರು ವರ್ಷದ ಮೇಲೆ ಬಿಡುಗಡೆಯಾಗಿ ಸಿಲ್ವರ್ ಜ್ಯೂಬಿಲಿ ಹೊಡೆದವನು ಇವನೊಬ್ಬನೇ ಇರಬೇಕು!

ಬೆರಳಿಗೆ ಅಂಟಿತೇ? ಗಾಬರಿ ಬೇಡ. ಈ ಅಂಟು ಗಟ್ಟಿಯಾಗುವುದು ತೇವ ಸಿಕ್ಕಿದಾಗ. ಚರ್ಮದಲ್ಲಿ ತೇವ ಇದ್ದೇ ಇರುವುದರಿಂದ ಅದಕ್ಕೆ ಬೆರಳೆಂದರೆ ಬಲು ಪ್ರೀತಿ. ಜಗ್ಗಬೇಡಿ, ಚರ್ಮ ಕಿತ್ತು ಬರುತ್ತದೆ. ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ಮೆಲ್ಲಗೆ ಉರುಳಿಸಿ ಬಿಡಿಸಿ. ಉಗುರುಬಣ್ಣ ಅಳಿಸುವ ಅಸಿಟೋನ್ ಕೂಡ ಬಿಡಿಸುತ್ತದೆ, ಆದರೆ ಕಣ್ಣು-ಬಾಯಿಯ ಹತ್ತಿರ ಬೇಡ. ರೆಪ್ಪೆ ಅಂಟಿದರೆ ನೇರ ಡಾಕ್ಟರ ಬಳಿಗೆ ಹೋಗಿ. ಹತ್ತಿಯ ಮೇಲೆ ಮಾತ್ರ ಸುರಿಯಲೇಬೇಡಿ, ಸುಡುವಷ್ಟು ಬಿಸಿಯಾಗುತ್ತದೆ!

ಕ್ಯಾಬಿನ್ನಿನೊಳಗಿನ ಸಣ್ಣ ಬಾಟ್ಲಿ

ಈಗ ಬಂದೆ ನನ್ನ ಕಥೆಗೆ.

ನನ್ನ ಸೋದರಮಾವ ಆಪರೇಟರ್. ಈ ನಾಲ್ಕು ಊರಿನಲ್ಲಿ ಒಂದೂರಿನ ಹಳೇ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ. ಯಾವ ಊರು, ಯಾವ ಟಾಕೀಸು ಅಂತ ಕೇಳಬೇಡಿ. ಶಾಲೆ ಬಿಟ್ಟ ಕೂಡಲೇ ನಾನು ಕ್ಯಾಬಿನ್ನಿಗೆ ಹಾಜರ್. ಕತ್ತರಿಸಿ ಬಿಸಾಡಿದ ಫಿಲಂ ಬಿಟ್ಟುಗಳನ್ನು ಹೆಕ್ಕಿ, ಬಲ್ಬಿನ ಮುಂದೆ ಭೂತಗನ್ನಡಿ ಇಟ್ಟು, ಪಂಚೆಯ ಮೇಲೆ ಅಣ್ಣಾವ್ರನ್ನು ಬಿಡುತ್ತಿದ್ದವನು ನಾನು!

ಸೆಕೆಂಡಿಗೆ 24 ಚಿತ್ರ, ಅಡಿಗೆ 16 ಚಿತ್ರ. 1,000 ಅಡಿಯ ರೀಲು ಓಡುವುದು ಹನ್ನೊಂದು ನಿಮಿಷ. ಬೆಂಗಳೂರು, ಮೈಸೂರು ಸುತ್ತಿ ಸವೆದು ನಮ್ಮ ಕಡೆಗೆ ಬರುವಷ್ಟರಲ್ಲಿ ಹಳೇ ಪ್ರಿಂಟಿನ ಮೈತುಂಬಾ ಜೋಡಣೆ. ಕಿತ್ತುಹೋದಾಗ ಎರಡೂ ಕಡೆ ಕತ್ತರಿಸಿ ಸೇರಿಸಬೇಕು. ಪ್ರತಿ ಸಲ ಒಂದೆರಡು ಚಿತ್ರ ಹೋಗುತ್ತದೆ. ಹೀರೋ ಮೆಟ್ಟಿಲ ಮೇಲೆ ಇದ್ದವನು ಇದ್ದಕ್ಕಿದ್ದಂತೆ ಬಾಗಿಲಲ್ಲಿ ಇರುತ್ತಿದ್ದನಲ್ಲ, ಅದು ಡೈರೆಕ್ಟರ ಜಾಣತನ ಅಲ್ಲ, ಆಪರೇಟರ ಬ್ಲೇಡು!

ಸೇರಿಸುವ ಅಂಟಿಗೆ ಫಿಲಂ ಸಿಮೆಂಟು ಎಂದು ಹೆಸರು. ಸಣ್ಣ ಬಾಟ್ಲಿ, ಮೂಗಿಗೆ ಹೊಡೆಯುವ ಘಾಟು. ಫಿಲಮಿನ ಮೇಲಿನ ಚಿತ್ರದ ಪೊರೆಯನ್ನು ಬ್ಲೇಡಿನಲ್ಲಿ ಕೆರೆದು, ಬರಿಯ ಹಾಳೆ ಕಂಡ ಮೇಲೆ ಒಂದು ಎಳೆ ಹಚ್ಚಿ, ಒಂದರ ಮೇಲೊಂದು ಇಟ್ಟು ಒತ್ತಿ ಹಿಡಿಯಬೇಕು. ನಿಜ ಹೇಳಬೇಕೆಂದರೆ ಅದು ಅಂಟೇ ಅಲ್ಲ! ಅದು ಅಸಿಟೇಟ್ ಫಿಲಂ ಅನ್ನು ಕರಗಿಸುವ ದ್ರಾವಣ. ಇದೂ ಸ್ವಲ್ಪ ಕರಗುತ್ತದೆ, ಅದೂ ಸ್ವಲ್ಪ ಕರಗುತ್ತದೆ. ಕರಗಿದ್ದು ಕಲೆತು, ದ್ರಾವಣ ಆರಿಹೋದ ಮೇಲೆ ಎರಡೂ ಒಂದೇ ಹಾಳೆ. ನಡುವೆ ಮೂರನೆಯವರು ಯಾರೂ ಉಳಿಯುವುದಿಲ್ಲ.

‘ಅಂಟಲ್ಲೇನೈತ್ಲಾ? ಕೆರೆಯೋದ್ರಲ್ಲೈತೆ’ ಅನ್ನುತ್ತಿದ್ದ ಮಾವ. ‘ಕೆರೀಬೇಕು, ತಡೀಬೇಕು, ಒತ್ತಬೇಕು. ಈ ಮೂರು ಬಂದ್ರೆ ಉಗುಳಲ್ಲೂ ಅಂಟಿಸ್ಬೋದು ಕಣ್ಲಾ!’

ಆ ರಾತ್ರಿ

2011. ನನಗಾಗ ಹದಿಮೂರೋ ಹದಿನಾಲ್ಕೋ. ದೊಡ್ಡ ಸ್ಟಾರ್ ಚಿತ್ರ, ಹೊಸ ಪ್ರಿಂಟು, ಸೆಕೆಂಡ್ ಷೋ ಹೌಸ್‌ಫುಲ್. ಮಾವನಿಗೆ ಮೂರು ದಿನದಿಂದ ಜ್ವರ, ಬದಲಿ ಆಳಿಲ್ಲ. ಕೊನೆಯ ಎರಡು ರೀಲಿನ ಜೋಡಣೆ ಬಿಚ್ಚಿಕೊಂಡಿತ್ತು. ‘ಟೇಪು ಹಾಕಿ ಸೇರ್ಸುಲಾ, ಒಂದು ಗಳಿಗೆ ಕಣ್ಮುಚ್ತೀನಿ’ ಎಂದು ಮೂಲೆಯಲ್ಲಿ ಒರಗಿದ.

ಟೇಪಂತೆ ಟೇಪು! ಪುಸ್ತಕಕ್ಕೆ ಹಾಕುವ ಟೇಪಿನ ಹಾಗಿದ್ದ ಅದರ ಮೇಲೆ ನನಗೆ ನಂಬಿಕೆ ಬರಲಿಲ್ಲ. ನಾನೇನು ದಡ್ಡನೇ? ಮಾವ ಹಳೇ ಪ್ರಿಂಟಿಗೆಲ್ಲ ಸಿಮೆಂಟು ಹಾಕುವುದು ನೋಡಿದ್ದೆನಲ್ಲ! ಬಾಟ್ಲಿ ತೆಗೆದೆ. ಕೆರೆದೆ, ಹಚ್ಚಿದೆ, ಉಸಿರು ಬಿಗಿಹಿಡಿದು ಒತ್ತಿದೆ. ಅಂಟಿಕೊಂಡ ಹಾಗೇ ಕಂಡಿತು. ಎದೆಯುಬ್ಬಿಸಿ ಸುತ್ತಿಟ್ಟೆ.

ನನಗೆ ಗೊತ್ತಿಲ್ಲದ್ದು ಇದು. ಆ ಹೊಸ ಪ್ರಿಂಟು ಅಸಿಟೇಟ್ ಅಲ್ಲ, ಪಾಲಿಯೆಸ್ಟರ್. ಕೈಯಲ್ಲಿ ಎಳೆದರೆ ಹರಿಯದಷ್ಟು ಗಟ್ಟಿ. ಆದರೆ ಫಿಲಂ ಸಿಮೆಂಟಿಗೆ ಅದು ಕರಗುವುದೇ ಇಲ್ಲ. ಕರಗದಿದ್ದ ಮೇಲೆ ಸೇರುವುದು ಎಲ್ಲಿಂದ ಬಂತು? ಅದಕ್ಕೆ ಟೇಪೇ ಆಗಬೇಕು. ರೀಲನ್ನು ಮಗ್ಗುಲಿನಿಂದ ಬೆಳಕಿಗೆ ಹಿಡಿದರೆ ಪಾಲಿಯೆಸ್ಟರ್ ಆದರೆ ಬೆಳಕು ಒಳಹಾಯ್ದು ಕಾಣುತ್ತದೆ, ಅಸಿಟೇಟ್ ಆದರೆ ಕಪ್ಪಗಿರುತ್ತದೆ. ಇಷ್ಟು ತಿಳಿದಿದ್ದರೆ ಸಾಕಾಗಿತ್ತು.

ಕ್ಲೈಮ್ಯಾಕ್ಸ್. ಖಳನ ಕೊರಳ ಮೇಲೆ ಹೀರೋ ಕಾಲು. ಒಂಬೈನೂರು ಕಂಠದ ಶಿಳ್ಳೆ. ಪಟ್! ಪರದೆ ಬೆಳ್ಳಗೆ. ಮಾವ ಬೆಚ್ಚಿ ಎದ್ದ. ಅವನು ಎಳೆದು ಹಾಕುವಷ್ಟರಲ್ಲಿ ಹೊರಗೆ ಕುರ್ಚಿ ಮುರಿಯುವ ಸದ್ದು. ಯಾರೋ ಎಸೆದ ಸೋಡಾ ಬಾಟ್ಲಿ ಕ್ಯಾಬಿನ್ನಿನ ಕಿಂಡಿಗೆ ಬಡಿಯಿತು, ಮಾವನ ಹುಬ್ಬಿನ ಮೇಲೆ ಗಾಜು ಸೀಳಿ ರಕ್ತ. ಆ ರಕ್ತದಲ್ಲೇ ಒಂದು ಕಣ್ಣು ಮುಚ್ಚಿಕೊಂಡು ಟೇಪು ಹಾಕಿ ಮತ್ತೆ ಓಡಿಸಿದ. ಚಿತ್ರ ಮುಗಿಯಿತು.

ಯಜಮಾನರು ಬಂದರು. ‘ಯಾರು ಸೇರಿಸಿದ್ದು?’

ನಾನು ಬಾಯಿ ತೆರೆಯಲಿಲ್ಲ. ಅಂಟಿಕೊಂಡಿತ್ತು.

‘ನಾನೇ ಸ್ವಾಮಿ. ಜ್ವರದ ಗ್ಯಾನ’ ಎಂದ ಮಾವ. ಮುರಿದ ಕುರ್ಚಿಯ ಲೆಕ್ಕವೆಲ್ಲ ಅವನ ಸಂಬಳದಲ್ಲಿ ಹಿಡಿದರು. ಮೂರು ತಿಂಗಳು ಅತ್ತೆ ಬೇರೆಯವರ ಗದ್ದೆಗೆ ನಾಟಿಗೆ ಹೋದಳು. ನಾನು ಹೇಳಲೇ ಇಲ್ಲ. ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿಗೆ ಸೇರಿ ಅರ್ಧಕ್ಕೇ ಬಿಟ್ಟೆ, ಸಿನಿಮಾ ಬರೆಯುವವನಾದೆ... ಆ ಒಂದು ಮಾತು ಮಾತ್ರ ಬರೆಯಲಿಲ್ಲ.

ನಾಗಮಂಗಲದ ದಾರಿಯಲ್ಲಿ

2015ರ ಹೊತ್ತಿಗೆ ಹೊಸ ಚಿತ್ರಕ್ಕೆ ರೀಲು ಅನ್ನುವುದೇ ಅಪರೂಪವಾಯಿತು. ಈಗ ಕಥೆ ಡಬ್ಬದಲ್ಲಿ ಬರುವುದಿಲ್ಲ, ಆಕಾಶದಿಂದ ಬರುತ್ತದೆ. ಅಂಟಿಸುವುದಿಲ್ಲ, ಕೆರೆಯುವುದಿಲ್ಲ. ಆಪರೇಟರುಗಳು ಚದುರಿಹೋದರು.

ನನ್ನ ಕೊನೆಯ ಸ್ಟಾಪು ನಾಗಮಂಗಲ. ಕಂಚಿನ ಎರಕಕ್ಕೆ ಹೆಸರಾದ ಊರು. ಒಡವೆ-ಪಾತ್ರೆಯ ಮೇಲೆ ಚಿತ್ತಾರ ಕೆತ್ತುವವರು ಕೆಲಸವನ್ನು ಅರಗಿನ ಹಾಸಿನಲ್ಲಿ ಅಂಟಿಸಿಕೊಂಡು ಕೂರುವ ಪದ್ಧತಿ ಹಳೆಯದು. ಬಿಸಿ ಮಾಡಿದರೆ ಬಿಡುತ್ತದೆ, ತಣ್ಣಗಾದರೆ ಹಿಡಿಯುತ್ತದೆ. ಊರಾಚೆಯ ರಸ್ತೆಬದಿಯಲ್ಲಿ ಹಳೇ ಟೈರೊಂದನ್ನು ನೇತುಹಾಕಿದ ಪಂಕ್ಚರ್ ಅಂಗಡಿ. ಹುಬ್ಬಿನ ಮೇಲೆ ಗಾಯದ ಗೆರೆಯ ಮನುಷ್ಯ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ನನ್ನ ಮಾವ!

ತೂತು ಸಿಕ್ಕಿತು. ಒರೆಸಿದ. ಅರದಲ್ಲಿ ಉಜ್ಜಿದ. ಸೊಲ್ಯೂಷನ್ ಹಚ್ಚಿದ. ಆಮೇಲೆ ಸುಮ್ಮನೆ ಕೂತ. ಬೈಕಿನ ಹುಡುಗನಿಗೆ ಅವಸರ. ‘ಬೇಗ ಹಚ್ಚಣ್ಣೋ!’

‘ಹಸೀಲಿ ಹಚ್ಚಿದ್ರೆ ಮಂಡ್ಯಕ್ ಓಗೋಗಂಟ ಇರಲ್ಲ. ಕೂತ್ಕೊಳ್ಳಪ್ಪ’ ಎಂದ ಮಾವ. ಕರಗಿದ ರಬ್ಬರಿನ ದ್ರಾವಣ ಹಾರಿ, ಬೆರಳಿಗೆ ಜಿಗುಟು ಬಂದ ಮೇಲೆ ತೇಪೆ ಇಟ್ಟು ಸುತ್ತಿಗೆಯ ಹಿಡಿಯಲ್ಲಿ ಒತ್ತಿದ. ಕೆರೆತ, ತಡೆತ, ಒತ್ತು. ಆಲೆಮನೆಯ ಹದ, ಮೀಸೆಯ ಜಿಗುಟು, ಕನ್ನಂಬಾಡಿಯ ಗಾರೆ... ಎಲ್ಲವೂ ಅದೇ ಮೂರು!

ಇಬ್ಬರು ಹುಡುಗರು ಬಂದು ಸೊಲ್ಯೂಷನ್ ಟ್ಯೂಬು ಕೇಳಿದರು. ಕೈಯಲ್ಲಿ ಸೈಕಲ್ಲೂ ಇಲ್ಲ, ಟೈರೂ ಇಲ್ಲ. ‘ಗಾಡಿ ತಕಬಾ, ನಾನೇ ಆಕ್ಕೊಡ್ತೀನಿ’ ಎಂದು ಮಾವ ಅಟ್ಟಿದ. ‘ಮೂಸಾಕೆ ಕಣ್ಲಾ’ ಎಂದ ನನ್ನ ಕಡೆ ತಿರುಗಿ. ಮಿತ್ರರೇ, ತಮಾಷೆಯ ಮಾತಲ್ಲ. ಇಂಥ ಅಂಟಿನ ಘಾಟಿನಲ್ಲಿರುವ ಟೊಲ್ವಿನ್‌ನಂಥ ದ್ರಾವಣಗಳು ಮೆದುಳನ್ನು ತಿನ್ನುತ್ತವೆ. ಮೊದಲ ಸಲ ಮೂಸಿದವನಿಗೇ ಹೃದಯ ತಪ್ಪಿ ನಿಂತುಹೋಗುವುದೂ ಉಂಟು. ಗೆಳೆಯರ ಗುಂಪಿನಲ್ಲಿ ಯಾರಾದರೂ ಹಾಗೆ ಸಿಕ್ಕಿಬಿದ್ದಿದ್ದರೆ ಬಯ್ಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹುಡುಗರು ಹೋದ ಮೇಲೆ ನಾನು ಬಾಯಿಬಿಟ್ಟೆ. ‘ಮಾವ, ಆವತ್ತು ರೀಲಿಗೆ ಟೇಪು ಹಾಕಿರಲಿಲ್ಲ ನಾನು. ಸಿಮೆಂಟು...’

ಮಾವ ತಲೆ ಎತ್ತಲಿಲ್ಲ. ತೇಪೆಯ ಅಂಚು ಬೆರಳಲ್ಲಿ ಸವರುತ್ತಾ ಅಂದ: ‘ಗೊತ್ತು ಬುಡ್ಲಾ. ಕ್ಯಾಬಿನ್ನೆಲ್ಲ ಘಾಟು ಒಡೀತಿತ್ತು.’

‘ಮತ್ತೆ ಹೇಳಲಿಲ್ಲವಲ್ಲ?’

‘ಯೋಳಿದ್ರೆ ನೀನು ಮತ್ತೆ ಕ್ಯಾಬಿನ್‌ಗೆ ಬತ್ತಿದ್ಯಾ?’

ಟ್ಯೂಬಿಗೆ ಗಾಳಿ ತುಂಬಿ ನೀರಿಗೆ ಅದ್ದಿದ. ಒಂದು ಗುಳ್ಳೆಯೂ ಬರಲಿಲ್ಲ. ಬೈಕಿನ ಹುಡುಗ ದುಡ್ಡು ಕೊಟ್ಟು ಹೊರಟ. ಅತ್ತೆಯ ಆ ಮೂರು ತಿಂಗಳ ನಾಟಿಯ ಕೂಲಿ ನಾನಿನ್ನೂ ಕೊಟ್ಟಿಲ್ಲ. ಈ ಲೇಖನದ ಸಂಭಾವನೆ ಬಂದ ದಿನವೇ ನಾಗಮಂಗಲದ ಬಸ್ಸು ಹತ್ತುತ್ತೇನೆ. ಸಂಪಾದಕರೇ, ದಯವಿಟ್ಟು ತಡಮಾಡಬೇಡಿ!